ಟೇಲ್‌ವೀಲ್ ಕಲಿಯಲು ಯಾವ ವಿಮಾನ? ಮುಂಬೈ, ಪುಣೆ, ಗೋವಾ ಕಡೆಯ ಕನ್ನಡಿಗರಿಗೆ ಒಂದು ಹೋಲಿಕೆ

ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಒಂದು ಸಣ್ಣ ಚಕ್ರ ಇರುವುದು ಟೇಲ್‌ವೀಲ್ ವಿಮಾನ. ಅಂಥದ್ದೇ ಒಂದಾದ ಹಳದಿ ಬಣ್ಣದ ಪೈಪರ್ ಕಬ್ ಕಂಡು ಮನಸೋಲದವರು ಕಡಿಮೆ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಪುಣೆ ಸುತ್ತಿನ ಬಯಲಿನಲ್ಲಿ ಅದೇ ಕಬ್‌ನಲ್ಲಿ 85 ಕಿಲೋ ತೂಗುವ ಇಬ್ಬರು ಕುಳಿತರೆ, ರನ್‌ವೇ ಮುಗಿಯುತ್ತ ಬಂದರೂ ಚಕ್ರ ನೆಲ ಬಿಡುವುದಿಲ್ಲ. ವಿಮಾನ ಆರಿಸುವ ಮುನ್ನ ತಕ್ಕಡಿ ಮತ್ತು ಥರ್ಮಾಮೀಟರ್ ಎರಡನ್ನೂ ನೋಡಬೇಕು. ಸೀಟು, ಬಣ್ಣ, ಹೆಸರು ಆಮೇಲಿನ ಮಾತು.

ಎತ್ತರ ಹೆಚ್ಚಿದಷ್ಟೂ, ಬಿಸಿ ಹೆಚ್ಚಿದಷ್ಟೂ ಗಾಳಿ ತೆಳು. ಲೆಕ್ಕ ಸುಲಭ. ಪುಣೆ ಪ್ರದೇಶದ ಬಯಲು ಸಮುದ್ರಮಟ್ಟದಿಂದ ಸುಮಾರು 1,900 ಅಡಿ ಮೇಲಿದೆ. ಆ ಎತ್ತರದಲ್ಲಿ ಪ್ರಮಾಣಿತ ಉಷ್ಣತೆ 11 ಡಿಗ್ರಿ. ಹೊರಗೆ 40 ಡಿಗ್ರಿ ಇದ್ದರೆ ವ್ಯತ್ಯಾಸ 29. ಡಿಗ್ರಿಗೆ 120 ಅಡಿಯಂತೆ ಸುಮಾರು 3,450 ಅಡಿ ಸೇರಿಸಿ. ರೆಕ್ಕೆಗೂ ಎಂಜಿನ್ನಿಗೂ ಅದು 5,350 ಅಡಿಯ ಗಾಳಿ. ಅಲ್ಲಿ 65 ಅಶ್ವಶಕ್ತಿಯ ಎಂಜಿನ್ ಕೊಡುವುದು 54ರಷ್ಟು, 90ರದ್ದು 75, 115ರದ್ದು 96, 150ರದ್ದು 125. ಮುಂಬೈನ ಜುಹು ವಿಮಾನ ನೆಲೆಯಲ್ಲಿ ಸಮುದ್ರಮಟ್ಟದಲ್ಲೇ ಇದ್ದರೂ 33 ಡಿಗ್ರಿಯ ದಿನ ಗಾಳಿ 2,100 ಅಡಿಯದ್ದಾಗಿರುತ್ತದೆ. ಗೋವಾದ ಕರಾವಳಿಯದೂ ಹೆಚ್ಚುಕಮ್ಮಿ ಇದೇ ಕಥೆ.

ಇದರಲ್ಲಿ ಇನ್ನೊಂದು ಪೆಟ್ಟು ಅಡಗಿದೆ, ಅದನ್ನು ಹಲವರು ಮರೆಯುತ್ತಾರೆ. ತೆಳು ಗಾಳಿಯಲ್ಲಿ ಮೀಟರ್ ತೋರಿಸುವ ವೇಗ ಅಷ್ಟೇ ಇದ್ದರೂ ನೆಲದ ಮೇಲಿನ ನಿಜವಾದ ವೇಗ ಶೇ. 8ರಷ್ಟು ಹೆಚ್ಚು. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಶೇ. 17ರಷ್ಟು ಹೆಚ್ಚು. ಟೇಲ್‌ವೀಲ್ ವಿಮಾನ ಅಡ್ಡ ತಿರುಗಿದಾಗ ಚಕ್ರದ ಕಾಲು ಮುರಿಯುವುದು ಈ ಶಕ್ತಿಯಿಂದಲೇ.

ಅಡ್ಡ ತಿರುಗುವುದು ಏಕೆ

ಮಸ್ಜಿದ್ ಬಂದರ್ ಕಡೆ ಹಾಥ್‌ಗಾಡಿ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಗಾಡಿಯನ್ನು ಎಳೆದುಕೊಂಡು ಹೋದರೆ ಅದು ತಾನಾಗಿ ಹಿಂದೆ ಬರುತ್ತದೆ. ಹಿಂದಿನಿಂದ ತಳ್ಳಿದರೆ ಸ್ವಲ್ಪ ಓರೆಯಾದೊಡನೆ ಇನ್ನಷ್ಟು ಓರೆಯಾಗಲು ನೋಡುತ್ತದೆ. ಮೂಗುಚಕ್ರದ ವಿಮಾನದಲ್ಲಿ ಭಾರದ ಕೇಂದ್ರ ಮುಖ್ಯ ಚಕ್ರಗಳ ಮುಂದಿದೆ, ಹಾಗಾಗಿ ಅದು ತಾನೇ ನೇರವಾಗುತ್ತದೆ. ಟೇಲ್‌ವೀಲ್‌ನಲ್ಲಿ ಭಾರದ ಕೇಂದ್ರ ಚಕ್ರಗಳ ಹಿಂದಿದೆ, ಹಾಗಾಗಿ ಹಿಂಭಾಗ ಮುಂಭಾಗವನ್ನು ಹಿಂದಿಕ್ಕಲು ಹವಣಿಸುತ್ತದೆ. ಅದೇ ಗ್ರೌಂಡ್ ಲೂಪ್. ಬಿಗಿಯಾಗಿ ಬಂದಿಳಿದಾಗ ಪುಟಿಯುವುದಕ್ಕೂ ಕಾರಣ ಇದೇ: ಚಕ್ರ ನಿಂತರೂ ಹಿಂದಿನ ಭಾರ ಇಳಿಯುತ್ತಲೇ ಇರುತ್ತದೆ, ಬಾಲ ಕೆಳಗೆ ಹೋಗುತ್ತದೆ, ರೆಕ್ಕೆಯ ಕೋನ ಹೆಚ್ಚುತ್ತದೆ, ವಿಮಾನ ಮತ್ತೆ ಮೇಲೇಳುತ್ತದೆ.

ಹಾಗಾಗಿ ಕಲಿಕೆಗೆ ತಕ್ಕ ವಿಮಾನದಲ್ಲಿ ನೋಡಬೇಕಾದ್ದು ಮೂರು: ಹೊತ್ತೊಯ್ಯುವ ತಾಕತ್ತು, ಚಕ್ರದ ಕಾಲಿನ ಸ್ಪ್ರಿಂಗು ಎಷ್ಟು ಪುಟಿಸುತ್ತದೆ, ಕುಳಿತಲ್ಲಿಂದ ಮುಂದೆ ಏನು ಕಾಣುತ್ತದೆ. ಬಾಲ ಎತ್ತುವಾಗ ಪ್ರೊಪೆಲ್ಲರ್‌ನ ಗೈರೊ ಎಳೆತದಿಂದ ಮೂಗು ಒಂದು ಕಡೆ ಜಗ್ಗುತ್ತದೆ. ಅಮೆರಿಕದ ಎಂಜಿನ್‌ಗಳಲ್ಲಿ ಎಡಕ್ಕೆ. ಹಳೆಯ ತರಬೇತಿ ವಿಮಾನಗಳಾದ ಟೈಗರ್ ಮಾತ್, ಚಿಪ್‌ಮಂಕ್‌ಗಳ ಜಿಪ್ಸಿ ಮೇಜರ್ ಎಂಜಿನ್ ಉಲ್ಟಾ ತಿರುಗುವುದರಿಂದ ಅಲ್ಲಿ ಬಲಕ್ಕೆ. ಮೂಗನ್ನು ನೇರ ಮಾಡುವುದು ಕಾಲಿನಿಂದ ಒತ್ತುವ ರಡ್ಡರ್, ಅಂದರೆ ಬಾಲದ ಚುಕ್ಕಾಣಿ. ಒಂದರಲ್ಲಿ ಪಳಗಿದ ಪೈಲಟ್ಟಿನ ಕಾಲು ಇನ್ನೊಂದರಲ್ಲಿ ಮೊದಲ ದಿನ ಮೋಸಹೋಗುತ್ತದೆ.

ಎರಡು ದಾರಿ

ಇಲ್ಲಿಯ ತರಬೇತಿ ಶಾಲೆಗಳಲ್ಲಿ ಸಿಗುವುದು ಬಹುಪಾಲು ಮೂಗುಚಕ್ರದ ಸೆಸ್ನಾ, ಡೈಮಂಡ್, ಟೆಕ್ನಾಮ್‌ಗಳೇ. ಆದ್ದರಿಂದ ಟೇಲ್‌ವೀಲ್ ಬಯಸುವವರ ಮುಂದೆ ಉಳಿಯುವುದು ಎರಡು ದಾರಿ. ಹೊರದೇಶಕ್ಕೆ ಹೋಗಿ ಹತ್ತಿಪ್ಪತ್ತು ಗಂಟೆ ಹಾರಿ ಬರುವುದು ಒಂದು. ನಾಲ್ಕೈದು ಮಂದಿ ಹಣ ಕೂಡಿಸಿ ಇಲ್ಲೇ ಒಂದನ್ನು ಇಟ್ಟುಕೊಳ್ಳುವುದು ಇನ್ನೊಂದು. ಒಂದಕ್ಕೆ ಚೆನ್ನಾಗಿ ಹೊಂದುವ ವಿಮಾನ ಇನ್ನೊಂದಕ್ಕೆ ಹೊಂದುವುದಿಲ್ಲ.

ಇಲ್ಲಿಯೇ ಇಟ್ಟುಕೊಳ್ಳುವವರು ಆಕಾಶ ಯಾರದ್ದು ಎಂದು ಮೊದಲು ನೋಡಿಕೊಳ್ಳಬೇಕು. ಪುಣೆಯ ಲೋಹೆಗಾಂವ್ ವಾಯುಪಡೆಯದು, ಗೋವಾದ ದಾಬೋಲಿಂ ನೌಕಾಪಡೆಯದು, ಜುಹು ದೊಡ್ಡ ವಿಮಾನ ನಿಲ್ದಾಣದ ಬಗಲಿನಲ್ಲೇ ಇದೆ. ಬ್ಯಾಟರಿಯೇ ಇಲ್ಲದ, ಕೈಯಿಂದ ಪ್ರೊಪೆಲ್ಲರ್ ತಿರುಗಿಸಿ ಚಾಲೂ ಮಾಡುವ ಹಳೆಯ ವಿಮಾನದಲ್ಲಿ, ರೇಡಾರಿಗೆ ಗುರುತು ಹೇಳುವ ಟ್ರಾನ್ಸ್‌ಪಾಂಡರ್‌ಗೆ ವಿದ್ಯುತ್ ಎಲ್ಲಿಂದ? ಕೈಯಲ್ಲಿ ಹಿಡಿಯುವ ರೇಡಿಯೋ ಇಟ್ಟುಕೊಂಡು ಬಾರಾಮತಿ, ಧುಳೆಯಂಥ ಬಯಲಲ್ಲಿ ಸುತ್ತಬಹುದು. ಈ ಮೂರು ಆಕಾಶಗಳ ಹತ್ತಿರ ಸುಳಿಯುವುದು ಕಷ್ಟ. ಇದೊಂದೇ ಕಾರಣಕ್ಕೆ ಮೂಲರೂಪದ ಕಬ್ ಮತ್ತು ಅದರ ಓರಗೆಯ ಏರೋಂಕಾ ಚಾಂಪಿಯನ್ (ಚಾಂಪ್) ಎರಡೂ ಇಲ್ಲಿಗೆ ಅರ್ಧ ಹೊರಗೆ. ಯಾವ ವಿಮಾನಕ್ಕೂ ಮುಂಗಡ ಕೊಡುವ ಮುಂಚೆ ಆ ಮಾದರಿಯನ್ನು ಇಲ್ಲಿ ನೋಂದಾಯಿಸಲು ಬಿಡುತ್ತಾರೆಯೇ ಎಂದು ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎಯಿಂದ ಬರಹದಲ್ಲಿ ಕೇಳಿಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ.

ಕಬ್ ಮತ್ತು ಚಾಂಪ್

ಪೈಪರ್ ಜೆ-3 ಕಬ್ ಎರಡನೇ ಮಹಾಯುದ್ಧದ ಆಸುಪಾಸಿನದು, ಏರೋಂಕಾ 7ಎಸಿ ಚಾಂಪಿಯನ್ 1945ರ ನಂತರದ್ದು. ಎರಡಕ್ಕೂ 65 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಎರಡರ ಗರಿಷ್ಠ ತೂಕವೂ 553 ಕಿಲೋ. ಒಬ್ಬರ ಹಿಂದೆ ಒಬ್ಬರು ಕೂರುವ ಸೀಟು. ಗಂಟೆಗೆ 16–17 ಲೀಟರ್ ಇಂಧನ.

ವ್ಯತ್ಯಾಸ ಇರುವುದು ಸೀಟಿನಲ್ಲಿ. ಕಬ್‌ನಲ್ಲಿ ಒಬ್ಬರೇ ಹಾರುವಾಗ ಹಿಂದಿನ ಸೀಟಿನಲ್ಲೇ ಕೂರಬೇಕು, ಇಲ್ಲದಿದ್ದರೆ ಭಾರದ ಕೇಂದ್ರ ಹೊಂದುವುದಿಲ್ಲ. ಪಾಠದ ಹೊತ್ತಿನಲ್ಲಿ ಮುಂದೆ ಗುರುಗಳ ಬೆನ್ನು, ಅವರ ಭುಜದ ಪಕ್ಕದಲ್ಲಿ ರನ್‌ವೇಯ ಒಂದು ಚೂರು. ಮೀಟರ್‌ಗಳು ಗುರುಗಳ ಆಚೆ. ಕಣ್ಣನ್ನು ಹೊರಗಿಡಲು ಕಲಿಸುವುದಕ್ಕೆ ಇದು ಒಳ್ಳೆಯದು ಎನ್ನುವವರಿದ್ದಾರೆ, ಮಾತು ಸುಳ್ಳಲ್ಲ. ಆದರೆ ಹತ್ತು ಗಂಟೆಗೆ ದುಡ್ಡು ಕೊಟ್ಟವರಿಗೆ ಅದರಲ್ಲಿ ಮೂರು ಗಂಟೆ ಕತ್ತು ಹೊರಳಿಸುವುದರಲ್ಲೇ ಹೋಗುತ್ತದೆ. ಚಾಂಪ್‌ನಲ್ಲಿ ವಿದ್ಯಾರ್ಥಿ ಮುಂದೆ ಕೂರುತ್ತಾನೆ, ಮೂಗು ಕೆಳಗಿದೆ, ನಿಂತಲ್ಲೇ ಮುಂದಿನ ದಾರಿ ಕಾಣುತ್ತದೆ. ಎಣ್ಣೆ ತುಂಬಿದ ಉದ್ದನೆಯ ಓಲಿಯೊ ಕಾಲು ಹೊಡೆತವನ್ನು ನುಂಗುತ್ತದೆ, ಪುಟಿಸುವುದಿಲ್ಲ. ಕಬ್‌ನ ರಬ್ಬರು ಬಂಜಿ ಹಗ್ಗ ತುಸು ಪುಟಿಸುತ್ತದೆ, ಜೊತೆಗೆ ನಮ್ಮ ಬಿಸಿಲಿಗೆ ಆ ರಬ್ಬರು ಬೇಗ ಸಾಯುತ್ತದೆ. ಕಲಿಯುವುದಕ್ಕೆ ಚಾಂಪ್ ಮೇಲು, ಸಂಭ್ರಮಕ್ಕೆ ಕಬ್. ಹೀಗೆ ಹೇಳಿದರೆ ಕಬ್ ಪ್ರೇಮಿಗಳು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ.

ತೂಕ ನೋಡಿ. ಚಾಂಪ್ ಖಾಲಿ ಇದ್ದಾಗ ಸುಮಾರು 345 ಕಿಲೋ ಎಂದಿಟ್ಟುಕೊಂಡರೆ ಉಳಿಯುವುದು 208. ಇಬ್ಬರು 85ರಂತೆ 170, ತುಂಬಿದ ಟ್ಯಾಂಕು 35. ಅಲ್ಲಿಗೆ 205, ನೀರಿನ ಬಾಟಲಿಯನ್ನೂ ಲೆಕ್ಕ ಹಾಕಬೇಕು. ಹುಬ್ಬಳ್ಳಿ ಕಡೆಯ ಎತ್ತರದ ಆಳು ಒಬ್ಬ, ಅಷ್ಟೇ ದಪ್ಪದ ಗುರು ಒಬ್ಬ ಎಂದಾದರೆ ಮಾತೇ ಮುಗಿಯಿತು. ಬೆಳಗಿನ ಏಳು ಗಂಟೆಗೆ, ತಣ್ಣನೆಯ ಗಾಳಿಯಲ್ಲಿ, ಅರ್ಧ ಟ್ಯಾಂಕಿನಲ್ಲಿ ಮಾತ್ರ ಈ ವಿಮಾನಗಳ ಪಾಠ. ಹತ್ತು ಗಂಟೆ ದಾಟಿದ ಮೇಲೆ ದಖ್ಖನದ ಬಯಲಲ್ಲಿ ಏಳುವ ಬಿಸಿಗಾಳಿ ಇವನ್ನು ಎಲೆಯಂತೆ ಆಡಿಸುತ್ತದೆ.

ಕೈಯಿಂದ ಚಾಲೂ ಮಾಡುವ ಕ್ರಮ ಗೊತ್ತಿಲ್ಲದವರ ಹತ್ತಿರ ಈ ವಿಮಾನ ಇರಬಾರದು. ಚಕ್ರಕ್ಕೆ ಅಡೆ ಇಡಿ, ಬಾಲವನ್ನು ನೆಲದ ಕೊಂಡಿಗೆ ಕಟ್ಟಿ, ಸೀಟಿನಲ್ಲಿ ತಿಳಿದವರೊಬ್ಬರು ಬ್ರೇಕ್ ಒತ್ತಿ ಕೂರಲಿ. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಆಫ್ ಇದ್ದಾಗ ಪ್ರೊಪೆಲ್ಲರನ್ನು ನಾಲ್ಕು ಅಲಗಿನಷ್ಟು ತಿರುಗಿಸಿ, ನಂತರ ಥ್ರಾಟಲ್ ಬೆರಳಗಲಕ್ಕಿಂತ ಕಡಿಮೆ ತೆರೆದು ಸ್ವಿಚ್ ಹಾಕಿ. ಮ್ಯಾಗ್ನೆಟೋ ಆಫ್ ಆಗಿದೆ ಎಂದು ಎಂದೂ ನಂಬಬೇಡಿ. ತುಂಡಾದ ಒಂದು ಗ್ರೌಂಡ್ ವೈರ್ ಸಾಕು, ಆಫ್ ಎನ್ನುವುದು ಸುಳ್ಳಾಗಲು. ಬಿಸಿ ಎಂಜಿನ್ನಿನಲ್ಲಿ ಇಂಧನ ಉಕ್ಕಿ ಹೋಗಿದ್ದರೆ ಸ್ವಿಚ್ ಆಫ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಪ್ರೊಪೆಲ್ಲರನ್ನು ಹಿಂದಕ್ಕೆ ಹತ್ತು ಸುತ್ತು ತಿರುಗಿಸಿ, ಆಮೇಲೆ ಥ್ರಾಟಲ್ ಮುಚ್ಚಿ ಮೊದಲಿನಿಂದ ಆರಂಭಿಸಿ. ಥ್ರಾಟಲ್ ಮುಚ್ಚುವುದನ್ನು ಮರೆತವರ ವಿಮಾನಗಳೇ ತಾವಾಗಿ ಓಡಿಹೋಗುವುದು.

ನಮ್ಮದೇ ಪುಷ್ಪಕ್

ಬೆಂಗಳೂರಿನ ಎಚ್‌ಎಎಲ್ 1958ರಲ್ಲಿ ಹಾರಿಸಿದ ಪುಷ್ಪಕ್ ಅಮೆರಿಕದ ಏರೋಂಕಾ ಚೀಫ್‌ನ ಹತ್ತಿರದ ಬಂಧು. 90 ಅಶ್ವಶಕ್ತಿಯ ಕಾಂಟಿನೆಂಟಲ್, ಅಕ್ಕಪಕ್ಕದ ಸೀಟು, ಮೇಲ್ರೆಕ್ಕೆ, ಉಕ್ಕಿನ ಕೊಳವೆಯ ಚೌಕಟ್ಟಿನ ಮೇಲೆ ಬಟ್ಟೆ, ಗರಿಷ್ಠ ತೂಕ ಸುಮಾರು 612 ಕಿಲೋ. ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆಂದೇ ನೂರೈವತ್ತಕ್ಕೂ ಹೆಚ್ಚು ತಯಾರಾದವು. ಒಂದು ಕಾಲದಲ್ಲಿ ಭಾರತದ ಎಷ್ಟೋ ಪೈಲಟ್ಟುಗಳು ಮೊದಲ ಸೋಲೋ (ಒಬ್ಬರೇ) ಹಾರಿದ್ದು ಇದರಲ್ಲೇ. ಅದಕ್ಕೂ ಮುಂಚೆ, 1951ರಲ್ಲಿ, ಮಹಾರಾಷ್ಟ್ರ ಮೂಲದ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಅದೇ ಕಾರ್ಖಾನೆಯಿಂದ ಎಚ್‌ಟಿ-2 ಬಂದಿತ್ತು. ಅದೂ ಟೇಲ್‌ವೀಲ್, ಆದರೆ ಕೆಳರೆಕ್ಕೆಯ ಲೋಹದ ವಿಮಾನ, 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ಆ ಎಂಜಿನ್ನಿಗೆ ಭಾಗ ಹುಡುಕುವುದು ಈಗ ತಲೆನೋವು, ಅದು ಸಂಗ್ರಹಾಲಯಕ್ಕೇ ಸರಿ.

ಪುಷ್ಪಕ್‌ನ ಗುಣವೆಂದರೆ ಅದರ ಎಂಜಿನ್ನಿಗೆ ಇಂದಿಗೂ ಭಾಗ ಸಿಗುತ್ತದೆ, ಕಾಗದಪತ್ರ ಭಾರತದ್ದೇ, ಗುರು ಪಕ್ಕದಲ್ಲೇ ಕೂತು ನಿಮ್ಮ ಕಾಲನ್ನು ನೋಡಬಹುದು. ಅವಗುಣ ಅದರ ವಯಸ್ಸು. ಯಾವುದೋ ಹ್ಯಾಂಗರ್‌ನ ಮೂಲೆಯಲ್ಲಿ ಇಪ್ಪತ್ತು ವರ್ಷ ಮಲಗಿದ್ದು ಅಗ್ಗಕ್ಕೆ ಸಿಕ್ಕಿತು ಎಂದು ತಂದರೆ, ಬಟ್ಟೆ ಬಿಚ್ಚಿದ ಮೇಲೆ ಒಳಗೆ ಕಾಣುವುದು ತುಕ್ಕು. ಲಾಗ್‌ಬುಕ್ ನಡುವೆ ತುಂಡಾಗಿದ್ದರೆ ಕೈ ಹಾಕಬೇಡಿ.

ಸೆಸ್ನಾ 120, 140

1946ರಿಂದ 1951ರವರೆಗೆ ಬಂದ ಇವು ಲೋಹದ ಒಡಲಿನವು. ಇಳಿಯುವಾಗ ರೆಕ್ಕೆಯ ಹಿಂದಿನಿಂದ ಕೆಳಗೆ ಬಾಗಿಸುವ ಫ್ಲ್ಯಾಪ್ 120ಕ್ಕೆ ಇಲ್ಲ, 140ಕ್ಕೆ ಇದೆ. 140ಎ ಬಂದಾಗ ರೆಕ್ಕೆಯೂ ಲೋಹವಾಯಿತು. ಎಂಜಿನ್ 85 ಅಥವಾ 90 ಅಶ್ವಶಕ್ತಿ, ಸ್ಟಾರ್ಟರ್ ಇದೆ, ವಿದ್ಯುತ್ ಇದೆ, ರೇಡಿಯೋ ಕೂರಿಸಬಹುದು. ಗಂಟೆಗೆ 20 ಲೀಟರ್. ಸೆಸ್ನಾ 152 ಹಾರಿಸಿದವರಿಗೆ ಒಳಗೆಲ್ಲ ಪರಿಚಿತ.

ಪರಿಚಿತ ಎನ್ನುವುದೇ ಅಪಾಯ. ಕಾಲ್ಬೆರಳಿನಿಂದ ಒತ್ತುವ ಹೈಡ್ರಾಲಿಕ್ ಬ್ರೇಕ್ ಇವುಗಳಲ್ಲಿ ಚುರುಕು, ಬೆದರಿ ಎರಡೂ ಕಾಲು ಒತ್ತಿದರೆ ವಿಮಾನ ಮೂಗಿನ ಮೇಲೆ ನಿಲ್ಲುತ್ತದೆ. ಮೊದಮೊದಲ ವಿಮಾನಗಳಲ್ಲಿ ಈ ಚಾಳಿ ಜಾಸ್ತಿ ಇತ್ತೆಂದೇ ಸೆಸ್ನಾ ಮುಂದಿನವುಗಳ ಕಾಲನ್ನು ಮೂರು ಇಂಚು ಮುಂದಕ್ಕೆ ಬಾಗಿಸಿತು. ಹಳೆಯವುಗಳಿಗೆ ಚಕ್ರವನ್ನು ಮುಂದೆ ತರುವ ಎಕ್ಸ್‌ಟೆಂಡರ್ ಕೂರಿಸಿರುತ್ತಾರೆ. ಎಕ್ಸ್‌ಟೆಂಡರ್ ಕಂಡರೆ ಕಾಲು ಒಡಲಿಗೆ ಸೇರುವ ಗೇರ್‌ಬಾಕ್ಸನ್ನು ಬಿಚ್ಚಿಸಿ ನೋಡಿ, ತಿರುಚುವ ಹೊಡೆತ ಅಲ್ಲೇ ಬಿರುಕಾಗುತ್ತದೆ. ಉಕ್ಕಿನ ಪಟ್ಟಿಯ ಕಾಲು ಪುಟಿಸುತ್ತದೆ, ಕೈ ತಪ್ಪಿದ್ದನ್ನು ಮುಚ್ಚಿಡುವುದಿಲ್ಲ. ಇದರಲ್ಲಿ ಪಳಗಿದವರು ಮುಂದೆ ಯಾವ ವಿಮಾನಕ್ಕೂ ಹೆದರುವುದಿಲ್ಲ, ಅದೂ ನಿಜ. ಆದರೆ ಒಳಗೆ ಇಕ್ಕಟ್ಟು, ದಪ್ಪ ಭುಜದ ಇಬ್ಬರು ಒಬ್ಬರನ್ನೊಬ್ಬರು ಒತ್ತಿಕೊಂಡೇ ಕೂರಬೇಕು. ಪೂರ್ತಿ ಟ್ಯಾಂಕು ತುಂಬಿಸಿದರೆ ಹೆಚ್ಚಿನವು ಇಬ್ಬರು ದೊಡ್ಡವರನ್ನು ಹೊರಲಾರವು.

ಸಿಟಾಬ್ರಿಯಾ

ನಮ್ಮ ಬಿಸಿಲಿಗೆ, ನಮ್ಮ ಎತ್ತರಕ್ಕೆ, ಕಲಿಯುವ ಒಂದೇ ಉದ್ದೇಶಕ್ಕೆ ಮೊದಲ ಆಯ್ಕೆ ಇದು. ಚಾಂಪ್‌ನ ವಂಶದ್ದೇ. ಇಂಗ್ಲಿಷಿನ ಏರ್‌ಬ್ಯಾಟಿಕ್ ಎಂಬ ಮಾತನ್ನು ಹಿಂದುಮುಂದಾಗಿ ಓದಿದರೆ ಈ ಹೆಸರು. 7ಇಸಿಎ ಮಾದರಿಗೆ 115 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ಗರಿಷ್ಠ ತೂಕ 748 ಕಿಲೋ, ಮುಂದಿನ ಸೀಟಿನಿಂದಲೇ ಸೋಲೋ, ಸ್ಟಾರ್ಟರ್, ವಿದ್ಯುತ್, ಗಂಟೆಗೆ 23 ಲೀಟರ್ ಆಸುಪಾಸು. ಖಾಲಿ ತೂಕ 495 ಎಂದರೆ ಉಳಿಯುವುದು 253. ಇಬ್ಬರಿಗೆ 170, ಅರ್ಧ ಟ್ಯಾಂಕಿಗೆ 49 ಹೋಗಿ 34 ಕಿಲೋ ಕೈಯಲ್ಲಿ. ಎರಡು ಗಂಟೆಯ ಪಾಠಕ್ಕೆ ಅರ್ಧ ಟ್ಯಾಂಕು ಸಾಕು. 5+ ಜಿ, 2− ಜಿ ವರೆಗೆ (ತೂಕದ ಐದು ಪಟ್ಟು, ಉಲ್ಟಾ ದಿಕ್ಕಿನಲ್ಲಿ ಎರಡು ಪಟ್ಟು) ತಾಳುವ ಒಡಲಾದ್ದರಿಂದ ಸ್ಪಿನ್, ಅಂದರೆ ಸುತ್ತುತ್ತ ಬೀಳುವುದರ ಪಾಠವೂ ಇದರಲ್ಲೇ ಆಗುತ್ತದೆ.

ಬಾರಾಮತಿ, ಧುಳೆಯಂಥ ಕಡೆ ಬೇಸಿಗೆಯಲ್ಲೂ ಹಾರಲೇಬೇಕೆನ್ನುವವರು 150 ಅಶ್ವಶಕ್ತಿಯ 7ಜಿಸಿಬಿಸಿ ನೋಡಲಿ. ಫ್ಲ್ಯಾಪ್ ಇದೆ, ರೆಕ್ಕೆ ಉದ್ದ. ಫ್ಲ್ಯಾಪ್ ಇರುವುದೇ ಕಲಿಯುವವರಿಗೆ ಕೊರತೆ ಎಂದು ಕೆಲವರು ವಾದಿಸುತ್ತಾರೆ: ಫ್ಲ್ಯಾಪ್ ಇಲ್ಲದ 7ಇಸಿಎಯಲ್ಲಿ ಎತ್ತರ ಹೆಚ್ಚಾದರೆ ಸ್ಲಿಪ್ ಮಾಡಿಯೇ (ಓರೆಯಾಗಿ ಜಾರಿಸುತ್ತ) ಇಳಿಸಬೇಕು, ಸ್ಲಿಪ್ ಬಂದರೆ ಅಡ್ಡಗಾಳಿ ಅರ್ಧ ಬಂದಂತೆ. ಈ ವಾದ ನಮಗೂ ಒಪ್ಪಿಗೆ.

1990ಕ್ಕಿಂತ ಮೊದಲಿನ ಸಿಟಾಬ್ರಿಯಾಗಳ ರೆಕ್ಕೆಯೊಳಗಿನ ಮುಖ್ಯ ತೊಲೆ ಮರದ್ದು. ರೆಕ್ಕೆ ತುದಿ ಎಲ್ಲಾದರೂ ಬಡಿದಿದ್ದರೆ ಆ ಮರದಲ್ಲಿ ಕೂದಲೆಳೆಯಷ್ಟು ಸಣ್ಣ ಅಡ್ಡ ಬಿರುಕು ಇರಬಹುದು, ಹೊರಗಿನಿಂದ ಕಾಣುವುದಿಲ್ಲ. ಇದಕ್ಕೆಂದೇ ಅಮೆರಿಕದಲ್ಲಿ ಕಡ್ಡಾಯ ತಪಾಸಣೆಯ ಆದೇಶವಿದೆ. ತಪಾಸಣೆ ಮಾಡಿದ ದಾಖಲೆ ಕೇಳಿ, ರೆಕ್ಕೆಗೆ ಆನಿಕೆಯಾಗಿರುವ ಓರೆ ಕಂಬ (ಸ್ಟ್ರಟ್) ಸೇರುವ ಜಾಗದ ಆಚೀಚೆ ಕನ್ನಡಿ ಹಾಗೂ ದೀಪ ಹಿಡಿದು ನೋಡಿಸಿ. ಮುಂಬೈ, ಗೋವಾದ ಮಳೆಗಾಲದ ತೇವ ಕುಡಿದು ಒಣಗುವ ಮರಕ್ಕೆ ಅಂಟು ಬಿಡುವ ಭಯವೂ ಇದೆ. ಹಣ ಇದ್ದರೆ ಲೋಹದ ತೊಲೆಯದ್ದೇ ಕೊಳ್ಳಿ.

ಡೆಕಾಥ್ಲಾನ್ ಇದರ ಅಣ್ಣ, 150 ಅಥವಾ 180 ಅಶ್ವಶಕ್ತಿ, 6+ ಮತ್ತು 5− ಜಿ. ಏರೋಬ್ಯಾಟಿಕ್ಸ್ ಬೇಕಾದವರಿಗೆ ಮಾತ್ರ. ಅದರ ರೆಕ್ಕೆ ಹೆಚ್ಚುಕಮ್ಮಿ ಎರಡೂ ಕಡೆ ಒಂದೇ ಬಾಗಿನದು, ಪವರ್ ತೆಗೆದರೆ ಬೇಗ ಕುಸಿಯುತ್ತದೆ. ಇಂಧನ ಗಂಟೆಗೆ 30 ಲೀಟರ್.

ಇಂಧನ, ಉಪ್ಪು, ಮಳೆ

ಈ ಹಳೆಯ ಎಂಜಿನ್‌ಗಳಿಗೆ ಕಾರಿನ ಪೆಟ್ರೋಲ್ ಹಾಕಬಹುದು ಎಂದು ಅಮೆರಿಕದಲ್ಲಿ ಬರೆದದ್ದನ್ನು ಓದಿ ಇಲ್ಲಿ ಅನುಸರಿಸಬೇಡಿ. ನಮ್ಮ ಪಂಪಿನ ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ರಬ್ಬರು ಸೀಲನ್ನು ಉಬ್ಬಿಸುತ್ತದೆ, ಕಬ್‌ನ ಟ್ಯಾಂಕಿನಲ್ಲಿ ತೇಲುವ ಬಿರಡೆಯ ಮೇಲಿನ ಲೇಪವನ್ನು ಕರಗಿಸುತ್ತದೆ, ಮಳೆಗಾಲದ ತೇವ ಹೀರಿ ನೀರು ಬೇರ್ಪಡಿಸುತ್ತದೆ. ಹೊಸ ಕಾಲದ ರೊಟ್ಯಾಕ್ಸ್ 912 ಎಂಜಿನ್ ಕೂಡ ಶೇ. 10ಕ್ಕಿಂತ ಹೆಚ್ಚು ಎಥನಾಲ್ ಒಪ್ಪುವುದಿಲ್ಲ. ಉಳಿದದ್ದು 100ಎಲ್‌ಎಲ್ ಎವಿಗ್ಯಾಸ್, ಅಂದರೆ ಸೀಸ ಬೆರೆತ ವಿಮಾನದ ಪೆಟ್ರೋಲ್. 2022ರಿಂದ ಇಂಡಿಯನ್ ಆಯಿಲ್ ವಡೋದರದಲ್ಲೇ ಅದನ್ನು ತಯಾರಿಸುತ್ತಿದೆ. ಅದರಲ್ಲಿನ ಸೀಸ 65 ಅಶ್ವಶಕ್ತಿಯ ಎಂಜಿನ್ನಿಗೆ ಜಾಸ್ತಿ, ಕೆಳಗಿನ ಸ್ಪಾರ್ಕ್ ಪ್ಲಗ್‌ಗಳಲ್ಲಿ ಗುಂಡಿನಂತೆ ಕೂರುತ್ತದೆ. ಐವತ್ತು ಗಂಟೆಗಿಂತ ಮುಂಚೆಯೇ ಪ್ಲಗ್ ಬಿಚ್ಚಿ ತೊಳೆಯಿರಿ.

ಕಾಂಟಿನೆಂಟಲ್ ಎಂಜಿನ್‌ಗಳ ಇನ್ನೊಂದು ಚಾಳಿ ಕಾರ್ಬ್ಯುರೇಟರ್ ಮಂಜು: ಇಂಧನ ಆವಿಯಾಗುವ ತಂಪಿಗೆ ಗಾಳಿಯ ತೇವ ಅದರೊಳಗೆ ಮಂಜುಗಡ್ಡೆಯಾಗುತ್ತದೆ. ಲೈಕಮಿಂಗ್‌ನಲ್ಲಿ ಕಾರ್ಬ್ಯುರೇಟರ್ ಬಿಸಿ ಎಣ್ಣೆಯ ತೊಟ್ಟಿಗೆ ಅಂಟಿಕೊಂಡಿದೆ, ಕಾಂಟಿನೆಂಟಲ್‌ನಲ್ಲಿ ದೂರ ಜೋತಾಡುತ್ತದೆ. ಜುಲೈ ತಿಂಗಳ ಕೊಂಕಣದ 25 ಡಿಗ್ರಿ, ಒದ್ದೆ ಗಾಳಿಯೇ ಮಂಜಿಗೆ ಹೇಳಿಮಾಡಿಸಿದ ಹವೆ. ಥ್ರಾಟಲ್ ಇಳಿಸುವ ಮುಂಚೆಯೇ ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಹೀಟ್ ಗುಂಡಿ ಎಳೆಯಬೇಕು. ಇಳಿಸಿದ ಮೇಲೆ ಎಳೆದರೆ ಕೊಡುವುದಕ್ಕೆ ಎಂಜಿನ್ನಿನಲ್ಲಿ ಬಿಸಿಯೇ ಉಳಿದಿರುವುದಿಲ್ಲ.

ಬಟ್ಟೆಯ ವಿಮಾನ ಕರಾವಳಿಯಲ್ಲಿ ಹೊರಗೆ ನಿಲ್ಲಬಾರದು. ಹ್ಯಾಂಗರ್ ಸಿಗದಿದ್ದರೆ ಬಟ್ಟೆಯದ್ದನ್ನು ಕೊಳ್ಳುವ ಯೋಚನೆಯನ್ನೇ ಬಿಡಿ. ಕೊಳವೆ ಚೌಕಟ್ಟಿನಲ್ಲಿ ತುಕ್ಕು ಮೊದಲು ತಿನ್ನುವುದು ಬಾಲದ ಹತ್ತಿರ ಕೆಳಗಿನ ಉದ್ದ ಕೊಳವೆಗಳನ್ನು, ಏಕೆಂದರೆ ಬಾಲ ಕೆಳಗಿರುವ ವಿಮಾನದಲ್ಲಿ ನೀರು ಹರಿದು ನಿಲ್ಲುವುದು ಅಲ್ಲೇ. ಚೂಪು ಮೊಳೆಯಿಂದ ಒತ್ತಿ ನೋಡಿ, ಒಳಗೆ ಹೋದರೆ ವಿಮಾನವನ್ನು ಅಲ್ಲೇ ಬಿಟ್ಟು ಬನ್ನಿ. ಪೈಪರ್‌ಗಳ ರೆಕ್ಕೆಯ ಸ್ಟ್ರಟ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಬಾಯಿ ಮುಚ್ಚಿದ ಹೊಸ ಸ್ಟ್ರಟ್ ಹಾಕಿದ್ದಾರೆಯೇ ಕೇಳಿ.

ಹುಲ್ಲುನೆಲ ಕಲಿಯುವವರಿಗೆ ದೊಡ್ಡ ಉಪಕಾರ. ಓರೆಯಾಗಿ ಇಳಿದರೆ ಟೈರು ಜಾರಿ ತಪ್ಪನ್ನು ಕ್ಷಮಿಸುತ್ತದೆ, ಡಾಂಬರು ಹಿಡಿದು ತಿರುಗಿಸಿಬಿಡುತ್ತದೆ. ಆದರೆ ದಖ್ಖನದ ಎರೆಮಣ್ಣು ಮಳೆ ಬಿದ್ದ ಮೇಲೆ ಚಕ್ರಕ್ಕೆ ಮೆತ್ತಿಕೊಂಡು ಬ್ರೇಕಿನಂತೆ ಹಿಡಿಯುತ್ತದೆ, ಆಗ ಮೂಗು ನೆಲಕ್ಕೆ. ಪುಣೆಯ ಹಡಪ್ಸರದಲ್ಲಿ ಗ್ಲೈಡಿಂಗ್ (ಎಂಜಿನ್ ಇಲ್ಲದ ಹಾರಾಟ) ನಡೆಯುವ ದಿನಗಳಲ್ಲಿ ನಾಲ್ಕಾರು ಬಾರಿ ಹಾರಿ ಬನ್ನಿ. ಉದ್ದ ರೆಕ್ಕೆಯ ಗ್ಲೈಡರ್‌ನಲ್ಲಿ ರಡ್ಡರ್ ಕೊಡದೆ ತಿರುಗಿದರೆ ಮೂಗು ಉಲ್ಟಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಸತ್ತಿದ್ದ ಕಾಲು ಎಚ್ಚರಗೊಳ್ಳಲು ಇದಕ್ಕಿಂತ ಅಗ್ಗದ ಮದ್ದಿಲ್ಲ.

ಹೊರದೇಶದಲ್ಲಿ ಕಲಿಯುವವರು ಕೇಳಬೇಕಾದ್ದು

ಅಮೆರಿಕದ ಟೇಲ್‌ವೀಲ್ ಎಂಡಾರ್ಸ್‌ಮೆಂಟಿಗೆ, ಅಂದರೆ ಲಾಗ್‌ಬುಕ್ಕಿನಲ್ಲಿ ಗುರು ಹಾಕುವ ಒಪ್ಪಿಗೆಯ ಸಹಿಗೆ, ಗಂಟೆಗಳ ಕನಿಷ್ಠ ಮಿತಿ ಇಲ್ಲ. ಸಾಮಾನ್ಯ ಮತ್ತು ಅಡ್ಡಗಾಳಿಯ ಟೇಕಾಫ್–ಲ್ಯಾಂಡಿಂಗ್, ವೀಲ್ ಲ್ಯಾಂಡಿಂಗ್ (ಬಾಲ ಮೇಲಿಟ್ಟು ಮುಂದಿನ ಚಕ್ರಗಳ ಮೇಲೆ ಇಳಿಯುವುದು), ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಗುರುಗಳ ಮನಸ್ಸಿಗೆ ಬರಬೇಕು, ಅಷ್ಟೆ. ಹಾಗಾಗಿ "ಐದು ಗಂಟೆಯಲ್ಲಿ ಮುಗಿಸಿಕೊಡುತ್ತೇವೆ" ಎನ್ನುವವರು ಸಹಿ ಕೊಡುತ್ತಾರೆ, ಕಾಲು ಕೊಡುವುದಿಲ್ಲ. ಸಹಿ ಆದ ಮೇಲೆ ಒಬ್ಬರೇ ಹಾರಲು ವಿಮಾನ ಬಾಡಿಗೆಗೆ ಕೊಡುತ್ತಾರೆಯೇ ಎಂದು ಮೊದಲೇ ಕೇಳಿ. ವಿಮೆಯ ಕಾರಣಕ್ಕೆ ಕೊಡದ ಶಾಲೆಗಳು ಬಹಳ. ಗಾಳಿಯೇ ಇಲ್ಲದ ಹದಿನೈದು ದಿನದಲ್ಲಿ ಹೋಗಿ ಬಂದರೆ ಅರ್ಧ ಪಾಠ. 8ರಿಂದ 10 ನಾಟ್ ಅಡ್ಡಗಾಳಿಯಲ್ಲಿ ಎರಡು ಮೂರು ದಿನವಾದರೂ ಇಳಿಸಿರಬೇಕು. ಜುಹುವಿನ ಸಂಜೆಯ ಸಮುದ್ರಗಾಳಿ ಇದಕ್ಕೆ ಒಳ್ಳೆಯ ಅಳತೆ: 260 ಡಿಗ್ರಿಗೆ ಮುಖ ಮಾಡಿದ 26ನೇ ರನ್‌ವೇಗೆ 300 ಡಿಗ್ರಿ ದಿಕ್ಕಿನಿಂದ 14 ನಾಟ್ ಬೀಸಿದರೆ ಅಡ್ಡಪಾಲು 9 ನಾಟ್.

ಯಾವುದೇ ವಿಮಾನವಿರಲಿ, ಹಣ ಕೊಡುವ ಮುಂಚೆ ಬೆಲ್ಟು ಬಿಗಿದು ಅದರಲ್ಲಿ ಕೂತು ನೋಡಿ. ರಡ್ಡರ್ ಎರಡೂ ಕಡೆ ಕೊನೆಯವರೆಗೆ ಹೋಗಬೇಕು, ಹಾರಿಸುವ ಕಡ್ಡಿ (ಸ್ಟಿಕ್) ಹಿಂದಕ್ಕೆ ಪೂರ್ತಿ ಬರಬೇಕು, ಹೊಟ್ಟೆಗೆ ತಾಗಿ ನಿಂತರೆ ಆ ಸೀಟು ನಿಮ್ಮದಲ್ಲ. ಎತ್ತರ ಕಡಿಮೆ ಇರುವವರು ಕೆಳಗೊಂದು ದಿಂಬು ಇಟ್ಟುಕೊಳ್ಳುತ್ತಾರೆ, ಬೆನ್ನಿಗೂ ಒಂದು ಬೇಕು, ಇಲ್ಲದಿದ್ದರೆ ಕಾಲು ಪೂರ್ತಿ ಚಾಚಿದರೂ ರಡ್ಡರ್‌ನ ಕೊನೆ ಮುಟ್ಟುವುದಿಲ್ಲ. ದಪ್ಪ ಅಟ್ಟೆಯ ಬೂಟು ಬೇಡ. ಆಮೇಲೆ ಇಳಿದು ಬಾಲದ ಹತ್ತಿರ ಕುಕ್ಕರಗಾಲಲ್ಲಿ ಕೂತು ಸಣ್ಣ ಚಕ್ರದ ತಿರುಗುಮೊಳೆ ನೋಡಿ. ಅದರ ತಲೆ ಮುಂದಕ್ಕೆ ವಾಲಿದ್ದರೆ ಪಟ್ಟಿ ಸ್ಪ್ರಿಂಗು ಸೋತಿದೆ. ಇಳಿದು ನಿಧಾನವಾಗುವ ಹೊತ್ತಿಗೆ ಬಾಲ ಗಡಗಡ ನಡುಗುತ್ತದೆ. ಮಾಲೀಕರು ಅದನ್ನು "ಟೈರಿನ ಗಾಳಿ ಸ್ವಲ್ಪ ಕಡಿಮೆ" ಎನ್ನುತ್ತಾರೆ. ಹೊಸ ಸ್ಪ್ರಿಂಗಿನ ಬೆಲೆ ಕಳೆದು ಮಾತಾಡಿ.